ಮಳೆಯ ರಾತ್ರಿ ನಮ್ಮ ಅಕ್ಕ-ತಂಗಿಯರು ಎಲ್ಲಿದ್ದಾರೆ?



ಕಳೆದ ತಿಂಗಳು ಒಂದು ರಜೆಯ ದಿನ ನಮ್ಮ ಕೊಠಡಿಯ ಹುಡುಗರು ಐದಾರು ಮಂದಿ ಒಂದೇ ಫೋನಿಗೆ ತಲೆಕೊಟ್ಟು ಚಲನಚಿತ್ರ ನೋಡುತ್ತಿದ್ದರು. ಆಸ್ಟ್ರೇಲಿಯದ ಒಳನಾಡಿನ ಕಥೆ. ನೂರಾರು ಮೈಲಿ ಮನುಷ್ಯರ ಸುಳಿವಿಲ್ಲದ ನೆಲ. ಮಳೆ ಹಿಡಿಯುತ್ತದೆ, ಹಳ್ಳಗಳು ಉಕ್ಕುತ್ತವೆ, ದಾರಿ ಕಡಿದುಹೋಗುತ್ತದೆ. ಒಂದು ಮನೆಯಲ್ಲಿ ಹೆಂಗಸರು ಸಿಕ್ಕಿಕೊಳ್ಳುತ್ತಾರೆ. ಸುತ್ತಲೂ ನೀರು, ಬಾಗಿಲಲ್ಲಿ ಗುರುತಿಲ್ಲದ ಗಂಡಸು. ಹುಡುಗರು ಉಸಿರು ಬಿಗಿಹಿಡಿದು ಕುಳಿತಿದ್ದರು.

ಆ ಹೊತ್ತಿಗೆ ನಮಗೆ ಜೋಳದ ರೊಟ್ಟಿ ತಂದುಕೊಡುವ ತಾಯಿ ಬಂದರು. ಸೇಡಂ ಕಡೆಯವರು. ಬುಟ್ಟಿ ಇಳಿಸಿ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಹೀಗೆಂದರು: “ಇದಕ್ಕ ದುಡ್ಡು ಕೊಟ್ಟು ನೋಡಬೇಕೇನ್ರಪ್ಪಾ? ಮಳಿ ಬಂದ ರಾತ್ರಿ ನಮ್ಮ ಓಣಿಗಿ ಬರ್ರಿ, ಪುಕ್ಕಟ ತೋರಸ್ತೀನಿ.”

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಆ ತಾಯಿ ಏನನ್ನು ನೆನೆದು ಆ ಮಾತಾಡಿದರೆಂಬುದು ನನಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಆಸ್ಟ್ರೇಲಿಯದ ಮಾತನ್ನೇ ಮುಗಿಸೋಣ. ಇಂಥ ಚಿತ್ರಗಳು ನಮಗೆ ತೋರಿಸುವುದು ಆ ನಾಡಿನ ಅರ್ಧ ಕಥೆ ಮಾತ್ರ. ಉಳಿದರ್ಧ ಕಥೆಯಲ್ಲಿ ನಮ್ಮಂಥವರಿಗೆ ಪಾಠವಿದೆ. ಅಲ್ಲಿನ ದೂರದೂರದ ಮನೆಗಳಲ್ಲಿ ಹೆಂಗಸರು ಬಸಿರು-ಬಾಣಂತನದಲ್ಲಿ, ಕಾಯಿಲೆಯಲ್ಲಿ, ನೆರೆಯಲ್ಲಿ ಕೇಳುವವರಿಲ್ಲದೆ ಸಾಯುತ್ತಿದ್ದರು. ಜಾನ್ ಫ್ಲಿನ್ ಎಂಬ ಪಾದ್ರಿ ಇದನ್ನು ಕಂಡು ೧೯೨೮ರಲ್ಲಿ ವಿಮಾನದಲ್ಲಿ ವೈದ್ಯರನ್ನು ಕಳಿಸುವ ಏರ್ಪಾಡು ಆರಂಭಿಸಿದರು. ಆದರೆ ವೈದ್ಯರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬಾತ ಸೈಕಲ್ಲಿನಂತೆ ಕಾಲಲ್ಲಿ ತುಳಿದು ವಿದ್ಯುತ್ತು ಹುಟ್ಟಿಸುವ ಒಂದು ರೇಡಿಯೋ ಯಂತ್ರ ಮಾಡಿದರು. ೧೯೨೯ರಿಂದ ಅವು ಒಂಟಿ ಮನೆಗಳಿಗೆ ಹೋದವು. ಅಂದಿನಿಂದ ಅಲ್ಲಿಯ ಹೆಂಗಸು ಅಡುಗೆಮನೆಯಲ್ಲಿ ಕುಳಿತೇ ಯಂತ್ರ ತುಳಿದು “ನಾನಿಲ್ಲಿದ್ದೇನೆ” ಎಂದು ಹೇಳಬಹುದಾಯಿತು. ಮಳೆ ನಿಲ್ಲಲಿಲ್ಲ, ದಾರಿ ಕಡಿಯುವುದೂ ತಪ್ಪಲಿಲ್ಲ. ಒಂಟಿತನ ಮಾತ್ರ ತಪ್ಪಿತು.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮಳೆಯ ರಾತ್ರಿ ದುಡಿಯುವ ಹೆಣ್ಣುಮಗಳು ಒಂಟಿಯಾಗದಂತೆ ನೋಡುವುದು ನಮ್ಮ ಕೈಯಲ್ಲಿದೆ. ಆ ಕೆಲಸವನ್ನು ನಾವು ಇದುವರೆಗೆ ಮಾಡಿಲ್ಲ.

ನಾವು ಅನ್ನ ತಿನ್ನುವ ಈ ಹೈದರಾಬಾದು ನೀರಿನ ರುಚಿ ಕಂಡ ಊರು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಊರೊಳಗೆ ನುಗ್ಗಿತು. ಮೂಸಿಯ ಜಲಾನಯನದಲ್ಲಿದ್ದ ೭೮೮ ಕೆರೆಗಳ ಪೈಕಿ ೨೨೧ ಕೆರೆಗಳು ಒಂದರ ಮೇಲೊಂದು ಒಡೆದುಹೋಗಿ, ಮಳೆಯ ನೀರಿನ ಜೊತೆಗೆ ಕೆರೆಗಳ ನೀರೂ ಸೇರಿ ಬಂದಿತು. ಸತ್ತವರು ಸುಮಾರು ೧೫,೦೦೦ ಎಂದು ಹೇಳುತ್ತಾರೆ. ಪೇಟ್ಲಾ ಬುರುಜು ಎಂಬ ಕೋಟೆಯ ಬುರುಜು ಎತ್ತರವಾಗಿದೆ, ಅಲ್ಲಿ ಉಳಿಯಬಹುದು ಎಂದು ನೂರಾರು ಜನ ಹತ್ತಿ ನಿಂತರು. ಬುರುಜೇ ಕುಸಿದು ಅವರನ್ನೆಲ್ಲ ಕೊಂಡೊಯ್ದಿತು. ಅದೇ ದಿನ ಅಫ್ಜಲ್‌ಗಂಜಿನಲ್ಲಿ ಒಂದು ಹುಣಿಸೆಮರ ಸುಮಾರು ೧೫೦ ಜೀವಗಳನ್ನು ತನ್ನ ಕೊಂಬೆಗಳಲ್ಲಿ ಹೊತ್ತು ಉಳಿಸಿತು. ಉಸ್ಮಾನಿಯಾ ಆಸ್ಪತ್ರೆಗೆ ಹೋದವರು ಆ ಮರದ ಮಾತು ಕೇಳಿಯೇ ಇರುತ್ತೀರಿ.

ಆ ಆಪತ್ತಿನಲ್ಲಿ ಇದೇ ಊರಿನ ಸರೋಜಿನಿ ನಾಯ್ಡು ಅವರು ಪರಿಹಾರದ ಕೆಲಸಕ್ಕೆ ಇಳಿದರು. ಊರನ್ನು ಮುಂದೆ ಹೇಗೆ ಕಾಪಾಡಬೇಕೆಂದು ಕೇಳಲು ನಿಜಾಮರ ಸರಕಾರ ಕರೆಸಿದ್ದು ನಮ್ಮವರನ್ನೇ, ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ೧೯೦೯ರಲ್ಲಿ ಬಂದು ಅಳೆದು ಲೆಕ್ಕಹಾಕಿ, ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಬೇಕೆಂದು ಸಲಹೆ ಕೊಟ್ಟರು. ೧೯೨೦ರಲ್ಲಿ ಉಸ್ಮಾನ್ ಸಾಗರ, ೧೯೨೭ರಲ್ಲಿ ಹಿಮಾಯತ್ ಸಾಗರ ಮುಗಿದವು. ಕನ್ನಡಿಗರಾದ ನಾವು ಇದನ್ನು ಸಭೆ-ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದ್ದೇ. ಆದರೆ ವಿಶ್ವೇಶ್ವರಯ್ಯನವರು ಕಲಿಸಿದ ಪಾಠ ಹೆಮ್ಮೆಪಡುವುದಲ್ಲ. ನೀರು ಬರುವ ಮುಂಚೆ ಲೆಕ್ಕಹಾಕಿ ಏರ್ಪಾಡು ಮಾಡುವುದು ಅವರ ಪಾಠ.

ಜಲಾಶಯಗಳು ನದಿಯನ್ನು ಹಿಡಿದಾವು. ಊರ ಮೇಲೆಯೇ ಬೀಳುವ ಮಳೆಯನ್ನು ಅವು ಹಿಡಿಯಲಾರವು. ೨೦೦೦ದ ಆಗಸ್ಟ್ ೨೪ರಂದು ಒಂದೇ ದಿನ ಬೇಗಂಪೇಟೆಯಲ್ಲಿ ಸುಮಾರು ೨೪ ಸೆಂಟಿಮೀಟರ್ ಮಳೆ ಬಿದ್ದಿತು. ೨೦೨೦ರ ಅಕ್ಟೋಬರ್ ೧೩ರಂದು ಘಟ್ಕೇಸರದ ಕಡೆ ೩೨ ಸೆಂಟಿಮೀಟರ್ ಬಿದ್ದಿತು. ಕೆರೆಯ ಅಂಗಳದಲ್ಲೂ ನಾಲೆಯ ದಂಡೆಯಲ್ಲೂ ಕಟ್ಟಿದ ಬಡಾವಣೆಗಳು ಮತ್ತೆ ಕೆರೆಗಳಾದವು. ೨೦೨೫ರ ಸೆಪ್ಟೆಂಬರ್ ೨೬ರ ರಾತ್ರಿ ಮೂಸಿಯ ನೀರು ಇಮ್ಲಿಬನ್ ಬಸ್ ನಿಲ್ದಾಣದೊಳಕ್ಕೇ ನುಗ್ಗಿತು. ಬೀದರ, ಕಲಬುರಗಿ, ರಾಯಚೂರಿನ ಬಸ್ಸು ಹಿಡಿಯಲು ನಾವೆಲ್ಲ ಗಂಟುಮೂಟೆ ಹೊತ್ತು ಹೋಗಿ ಕೂರುವ ನಿಲ್ದಾಣ ಅದೇ. ಪ್ರಯಾಣಿಕರು ರಾತ್ರಿಯಲ್ಲಿ ಅಲ್ಲಿಯೇ ಸಿಕ್ಕಿಬಿದ್ದು, ಅವರನ್ನು ಹೊರತರಬೇಕಾಯಿತು.

ಈಗ ಆ ರೊಟ್ಟಿಯ ತಾಯಿಯ ಮಾತಿಗೆ ಬರುತ್ತೇನೆ. ೨೦೨೦ರಲ್ಲಿ ಅವರೂ ನಾನೂ ಒಂದೇ ಹೊಟೇಲಿನಲ್ಲಿದ್ದೆವು. ನಾನು ಗಲ್ಲೆಯ ಹತ್ತಿರ, ಅವರು ಹಿಂದೆ ಪಾತ್ರೆ ತಿಕ್ಕುವಲ್ಲಿ. ಹೊಟೇಲಿನ ಹೆಸರು ಇಲ್ಲಿ ಬೇಡ. ಇಂಥದು ಒಂದು ಹೊಟೇಲಿನ ಕಥೆಯಲ್ಲ. ಅಕ್ಟೋಬರ್ ೧೩ರ ಸಂಜೆಯಿಂದ ಸುರಿದ ಮಳೆ ರಾತ್ರಿ ಒಂಬತ್ತಾದರೂ ಬಿಡಲಿಲ್ಲ. ಗಿರಾಕಿಗಳಿಲ್ಲ. ಮಾಲಿಕರು ಗಲ್ಲೆ ಎಣಿಸಿ, ಶಟರ್ ಇಳಿಸಿ, “ಎಲ್ಲರೂ ಹೊರಡಿ” ಎಂದು ತಮ್ಮ ಕಾರಿನಲ್ಲಿ ಹೊರಟುಹೋದರು. ಗಂಡಸರಾದ ನಮಗೆ ಮಹಡಿಯ ಮೇಲೆ ಮಲಗುವ ಕೊಠಡಿಯಿತ್ತು. ಆ ತಾಯಿಗೂ ತರಕಾರಿ ಹೆಚ್ಚುವ ಇನ್ನೊಬ್ಬ ತಂಗಿಗೂ ಇದ್ದದ್ದು ಬೀದಿ ಮಾತ್ರ. ನಾವು ಮೇಲೆ ಹೋಗಿ ಮಲಗಿದೆವು. ಅವರು ಮನೆ ಹೇಗೆ ಸೇರುತ್ತಾರೆ ಎಂದು ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ರಸ್ತೆಯಲ್ಲಿ ಮೊಣಕಾಲುದ್ದ ನೀರು. ದೀಪಗಳಿಲ್ಲ. ಎಲ್ಲಿ ಮೋರಿ, ಎಲ್ಲಿ ರಸ್ತೆ ಎಂಬುದು ಕಾಣದು. ಒಂದು ಆಟೋ ಬಂದು ನಿಂತಿತು. ಒಳಗೆ ಮೂವರು ಗಂಡಸರು. “ಹತ್ತಿಕೊಳ್ಳಿ, ಬಿಡುತ್ತೇವೆ” ಎಂದರಂತೆ. ಅವರು ಒಳ್ಳೆಯವರೋ ಕೆಟ್ಟವರೋ, ಯಾರು ಬಲ್ಲರು? ಹೆಂಗಸರು ಹತ್ತಲಿಲ್ಲ. ಹಿಂದಿರುಗಿ ಬಂದು ಶಟರ್ ಬಡಿದರು. ಮಳೆಯ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ಹಿಂದಿನ ಅಡುಗೆಮನೆಯ ಬಾಗಿಲಿಗೆ ಹೋಗಿ, “ಅಣ್ಣಾ, ಬಾಗಿಲ ತೆಗೀರಿ, ನಾವು ಹೆಣ್ಣಮಕ್ಕಳು ಇಬ್ಬರೇ ಇದ್ದೀವ್ರಿ” ಎಂದು ಕೂಗಿದಾಗ ನಮ್ಮ ಅಡುಗೆ ಭಟ್ಟರಿಗೆ ಎಚ್ಚರವಾಯಿತು. ಕುಂದಾಪುರದ ಕಡೆಯ ವೃದ್ಧರು. ಬಾಗಿಲು ತೆಗೆದು, ದಿನಸಿಯ ಕೊಠಡಿಯನ್ನು ತೋರಿಸಿ, “ಒಳಗಿಂದ ಚಿಲಕ ಹಾಕಿಕೊಳ್ಳಿ ಅಕ್ಕ, ಬೆಳಗಾಗುವ ತನಕ ನಾನು ಕರೆದರೂ ತೆಗೆಯಬೇಡಿ” ಎಂದರು. ಕತ್ತಲಲ್ಲಿ ಇರಬಾರದೆಂದು ಒಂದು ಬ್ಯಾಟರಿ ದೀಪ ಕೊಟ್ಟರು. ಅವರಿಬ್ಬರೂ ಅಕ್ಕಿ ಚೀಲಗಳನ್ನು ಬಾಗಿಲಿಗೆ ಒತ್ತಿಟ್ಟು ಕುಳಿತು ಬೆಳಗು ಮಾಡಿದರು.

ಚಿತ್ರದಲ್ಲಾದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಿಜ ಜೀವನದಲ್ಲಿ ಮಾರನೆಯ ದಿನವೆಂಬುದು ಇರುತ್ತದೆ. ಮಾರನೆಯ ದಿನ ಮನೆಯವರಿಗೆ ಅನ್ನ ಬೇಯಿಸಿ ತಡವಾಗಿ ಬಂದದ್ದಕ್ಕೆ ಅವರಿಬ್ಬರ ಅರ್ಧ ದಿನದ ಪಗಾರ ಕಡಿದರು. ಓಣಿಯಲ್ಲಿ “ರಾತ್ರಿಯೆಲ್ಲಾ ಎಲ್ಲಿದ್ದಿ?” ಎಂಬ ಪ್ರಶ್ನೆ ಎದ್ದಿತು. ನಮ್ಮ ಕೊಠಡಿಯಲ್ಲೂ ಒಬ್ಬಿಬ್ಬರು ಭಟ್ಟರ ಹೆಸರು ಸೇರಿಸಿ ಹಗುರವಾಗಿ ಮಾತಾಡಿದರು. ಹದಿನೈದು ದಿನಗಳಲ್ಲಿ ಆ ತಾಯಿ ಕೆಲಸ ಬಿಟ್ಟರು. ಈಗ ಮನೆಯಲ್ಲಿ ರೊಟ್ಟಿ ಬಡಿದು ಮಾರಿ ಜೀವನ ಮಾಡುತ್ತಾರೆ. ನೀರು ಅವರನ್ನು ಮುಳುಗಿಸಲಿಲ್ಲ. ಆಟೋದವರೂ ಏನೂ ಮಾಡಲಿಲ್ಲ. ಅವರ ಕೆಲಸ ಕಳೆದದ್ದು ನಮ್ಮ ಬಾಯಿ.

ಹೆಂಗಸರಲ್ಲಿ ಧೈರ್ಯ ಸಾಲದು, ಅದಕ್ಕೇ ಈ ಪಾಡು ಎನ್ನುವವರಿಗೆ ನಮ್ಮ ಸೀಮೆಯದೇ ಒಂದು ಸಂಗತಿ ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಹಳ್ಳಿ ಇದೆ. ಹೊಳೆ ತುಂಬಿದರೆ ಹಳ್ಳಿಗೆ ಹೊರಗಿನ ಸಂಬಂಧ ಕಡಿಯುತ್ತಿತ್ತು. ೨೦೧೪ರ ಜುಲೈ ಕೊನೆಯಲ್ಲಿ ಅಲ್ಲಿನ ೨೨ ವರ್ಷದ ಒಬ್ಬ ತುಂಬು ಬಸುರಿ, ಹಳ್ಳಿಯಲ್ಲಿ ಹೆರಿಗೆಗೆ ಅನುಕೂಲವಿಲ್ಲವೆಂದು, ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದಳು. ಕಕ್ಕೇರಾದ ಆಸ್ಪತ್ರೆಯ ದಾರಿ ಹಿಡಿದಳು. ಪತ್ರಿಕೆಗಳು ಅವಳ ಸಾಹಸವನ್ನು ಕೊಂಡಾಡಿದವು. ಕೊಂಡಾಡತಕ್ಕದ್ದೇ. ಆದರೆ ಎರಡು ಮಾತುಗಳನ್ನು ಮರೆಯಬಾರದು. ಅವಳು ಒಬ್ಬಳೇ ಈಜಲಿಲ್ಲ. ತಂದೆ, ಅಣ್ಣತಮ್ಮಂದಿರು ಹಿಂದೆ-ಮುಂದೆ ಈಜುತ್ತ ಅವಳನ್ನು ನಡುವೆ ಇಟ್ಟುಕೊಂಡು ದಾಟಿಸಿದರು. ಎರಡನೆಯದಾಗಿ, ಒಂಬತ್ತು ತಿಂಗಳ ಬಸುರಿಗೆ ಅಂಥ ಸಾಹಸ ಮಾಡುವ ಗತಿ ಬಂದದ್ದು ನಮ್ಮ ನಾಡಿಗೆ ನಾಚಿಕೆಗೇಡು. ಹೆಂಗಸಿನ ಧೈರ್ಯವನ್ನು ಹಾಡಿ ಹೊಗಳಿ, ನಾವು ಮಾಡಬೇಕಾದ ಸೇತುವೆಯ ಕೆಲಸ ಬಿಟ್ಟರೆ ಅದು ಹೊಗಳಿಕೆಯಲ್ಲ, ತಪ್ಪಿಸಿಕೊಳ್ಳುವ ಉಪಾಯ.

ನೀರು ಗಂಡು-ಹೆಣ್ಣೆಂಬ ಭೇದ ಮಾಡದು ಎಂಬ ಮಾತೂ ಅರ್ಧ ಸತ್ಯ. ೨೦೦೪ರ ಡಿಸೆಂಬರಿನ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸತ್ತವರ ಲೆಕ್ಕವನ್ನು ಆಕ್ಸ್‌ಫಾಮ್ ಸಂಸ್ಥೆ ಪ್ರಕಟಿಸಿತು: ಹೆಂಗಸರು ೩೯೧, ಗಂಡಸರು ೧೪೬. ಅಲೆ ಎಲ್ಲರ ಮೇಲೂ ಒಂದೇ ಸಮನೆ ಬಂದಿತು. ಆದರೆ ಗಂಡಸರಲ್ಲಿ ಅನೇಕರು ಆಳ ಕಡಲಲ್ಲಿ ದೋಣಿಯ ಮೇಲಿದ್ದರು. ಹೆಂಗಸರು ಮೀನಿಗಾಗಿ ದಡದಲ್ಲಿ ಕಾದಿದ್ದರು, ಇಲ್ಲವೆ ಮನೆಯಲ್ಲಿ ಮಕ್ಕಳೊಡನೆ ಇದ್ದರು. ಈಜು ಕಲಿತವರು ಕಡಿಮೆ. ಕಂಕುಳಲ್ಲಿ ಕೂಸು, ಕಾಲಿಗೆ ಸೀರೆ. ಯಾರು ಎಲ್ಲಿ ನಿಂತಿರುತ್ತಾರೆ ಎಂಬುದರ ಮೇಲೆ ಸಾವು-ಬದುಕು ನಿರ್ಧಾರವಾಯಿತು. ನಮ್ಮ ಹೊಟೇಲಿನಲ್ಲಿಯೂ ಹಾಗೆಯೇ. ಮಹಡಿಯ ಮೇಲಿನ ಕೊಠಡಿ ಯಾರಿಗೆ, ಮಳೆಯ ಬೀದಿ ಯಾರಿಗೆ?

ಇನ್ನು ನಿರ್ಜನ ಸ್ಥಳವೆಂದರೆ ಕಾಡು-ಮರುಭೂಮಿಯೇ ಆಗಬೇಕೆಂದಿಲ್ಲ. ೨೦೧೯ರ ನವೆಂಬರಿನಲ್ಲಿ ಶಂಷಾಬಾದಿನ ಟೋಲ್ ಗೇಟಿನ ಬಳಿ, ವಾಹನಗಳು ಓಡಾಡುವ ಹೆದ್ದಾರಿಯ ಮಗ್ಗುಲಲ್ಲಿ, ಸ್ಕೂಟರಿನ ಗಾಳಿ ಹೋಗಿ ನಿಂತ ಒಬ್ಬ ಯುವ ಪಶುವೈದ್ಯೆಯನ್ನು ಸಹಾಯದ ಸೋಗಿನಲ್ಲಿ ಬಂದವರು ಅತ್ಯಾಚಾರ ಮಾಡಿ ಕೊಂದದ್ದನ್ನು ಈ ಊರು ಮರೆತಿಲ್ಲ. ಅಂದು ಮಳೆಯೂ ಇರಲಿಲ್ಲ, ನೆರೆಯೂ ಇರಲಿಲ್ಲ. ತನ್ನವರು ಹತ್ತಿರವಿರಲಿಲ್ಲ, ಅಷ್ಟೇ. ಆಮೇಲೆ ಊರೆಲ್ಲ ಬೀದಿಗಿಳಿಯಿತು. ಆಪಾದಿತರು ನಾಲ್ವರನ್ನೂ ಪೊಲೀಸರು ಗುಂಡಿಟ್ಟು ಕೊಂದಾಗ ಹೂವು ಎರಚಿದವರೂ ಉಂಟು. ಕೊಂದ ಬಳಿಕ ಕೋಪ ತಣಿದಿರಬಹುದು. ಮರುದಿನ ರಾತ್ರಿ ಕೆಲಸ ಬಿಟ್ಟು ಮನೆಗೆ ನಡೆಯುವ ಹೆಣ್ಣುಮಗಳ ದಾರಿಯಲ್ಲಿ ಒಂದು ದೀಪವೂ ಹೆಚ್ಚಾಗಲಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಸಂಘವು ಪ್ರತಿಯೊಂದು ಹೊಟೇಲು, ಪ್ರತಿಯೊಂದು ಗಿರಣಿಯಲ್ಲಿ ಈ ಕೆಳಗಿನ ಏರ್ಪಾಡಿಗೆ ಒತ್ತಾಯಿಸಬೇಕೆಂದು ನನ್ನ ಅಭಿಪ್ರಾಯ. ಹಳೆಯ ಬಟ್ಟೆ ಗಿರಣಿಗಳ ಕಾಲ ಮುಗಿದರೂ ಬೇಳೆ, ಎಣ್ಣೆ, ಹಿಟ್ಟಿನ ಗಿರಣಿಗಳಲ್ಲಿ ನಮ್ಮ ಹೆಣ್ಣುಮಕ್ಕಳು ದುಡಿಯುತ್ತಲೇ ಇದ್ದಾರೆ.

ಒಂದು: ಭಾರೀ ಮಳೆಯ ಮುನ್ಸೂಚನೆ ಬಂದ ದಿನ ಹೆಂಗಸರನ್ನು ಬೆಳಕಿರುವಾಗಲೇ ಬಿಡಬೇಕು. ಆ ಹೊತ್ತಿನ ಪಗಾರ ಕಡಿಯಕೂಡದು.

ಎರಡು: ಬಿಡಲು ಸಾಧ್ಯವಾಗದೆ ಸಿಕ್ಕಿಕೊಂಡರೆ, ಒಳಗಿನಿಂದ ಚಿಲಕವಿರುವ, ದೀಪವಿರುವ ಒಂದು ಕೊಠಡಿಯನ್ನು ಅವರಿಗೇ ಬಿಟ್ಟುಕೊಡಬೇಕು. ಬೇಕಾದರೆ ಗಂಡಸರು ಅಂದು ಅಂಗಡಿಯಲ್ಲಿ ಮಲಗಲಿ. ಒಬ್ಬಳನ್ನೇ ಇರಿಸಬಾರದು.

ಮೂರು: ಮನೆಗೆ ತಲಪಿಸುವುದಾದರೆ ಗುರುತಿನವರು ಇಬ್ಬರು ಮೂವರು ಸೇರಿ ತಲಪಿಸಬೇಕು. ತಲಪಿದ ಸುದ್ದಿ ಬರುವವರೆಗೆ ಒಬ್ಬರು ಎಚ್ಚರವಿರಬೇಕು.

ನಾಲ್ಕು: ಪ್ರತಿಯೊಬ್ಬರ ಹೆಸರು, ಓಣಿ, ಮನೆಯವರ ಫೋನು ಬರೆದ ಒಂದು ಪುಸ್ತಕ ಗಲ್ಲೆಯಲ್ಲಿರಬೇಕು. ಫೋನಿನಲ್ಲಿ ಬರೆದಿಟ್ಟರೆ ಸಾಲದು. ನೆರೆಯ ರಾತ್ರಿ ಮೊದಲು ಸಾಯುವುದು ಕರೆಂಟು, ಆಮೇಲೆ ಫೋನು. ಆಪತ್ತಿಗೆ ೧೧೨, ಹೆಂಗಸರ ಸಹಾಯಕ್ಕೆ ೧೮೧ ಎಂಬ ಸಂಖ್ಯೆಗಳನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಇದು ಯಾರ ದಯೆಯೂ ಅಲ್ಲ. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ೨೦೧೩ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ, ಸಂಜೆ ೭ರ ನಂತರ ಮತ್ತು ಬೆಳಿಗ್ಗೆ ೬ರ ಮುಂಚೆ ಹೆಂಗಸರಿಂದ ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಷರತ್ತುಗಳನ್ನು ಪಾಲಿಸಬೇಕು ಎಂದಿದೆ. ನಮ್ಮ ಎಷ್ಟು ಹೊಟೇಲುಗಳಲ್ಲಿ ಪಾತ್ರೆ ತಿಕ್ಕುವ ತಾಯಿಯನ್ನು ಯಾರಾದರೂ ಒಪ್ಪಿಗೆ ಕೇಳಿದ್ದಾರೆ?

ಮಾಲಿಕರು ಹೇಳುವ ಮಾತು ನನಗೆ ಗೊತ್ತಿದೆ: “ಇಷ್ಟೆಲ್ಲ ಕಟ್ಟುಪಾಡಾದರೆ ಹೆಂಗಸರನ್ನು ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ.” ಚಿಕ್ಕ ಹೊಟೇಲು ನಡೆಸುವವರ ಕಷ್ಟ ಸುಳ್ಳಲ್ಲ. ಮಳೆಯ ದಿನ ವ್ಯಾಪಾರವೂ ಹೋಗಿ ಪಗಾರವೂ ಕೊಡಬೇಕೆಂದರೆ ಅವರಿಗೆ ಭಾರವೇ. ಆದರೆ ಅಂಥ ದಿನಗಳು ವರ್ಷಕ್ಕೆ ಎಷ್ಟು? ಎರಡು, ನಾಲ್ಕು, ಹೆಚ್ಚೆಂದರೆ ಆರು. ಆ ಕೆಲವು ಗಂಟೆಗಳ ಕೂಲಿ ದೊಡ್ಡದೋ, ಒಂದು ಜೀವ ದೊಡ್ಡದೋ? ಅಲ್ಲದೆ ಕಡಿಮೆ ಕೂಲಿಗೆ ಪಾತ್ರೆ ತಿಕ್ಕುವವರು, ತರಕಾರಿ ಹೆಚ್ಚುವವರು ಹೆಂಗಸರೇ ಆದ್ದರಿಂದ, ಅವರನ್ನು ಬಿಟ್ಟು ನಡೆಸುತ್ತೇವೆಂಬುದು ಬೆದರಿಕೆಯ ಮಾತು, ಲೆಕ್ಕದ ಮಾತಲ್ಲ.

ನಮ್ಮೊಳಗೇ ಇನ್ನೊಂದು ಮಾತಿದೆ: “ಹೆಂಗಸರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಯಾಕೆ ಕಳಿಸಬೇಕು?” ಈ ಮಾತಾಡುವ ಅಣ್ಣಂದಿರು ತಮ್ಮ ಪಗಾರದಲ್ಲಿ ಮನೆಯ ಬಾಡಿಗೆ, ಊರಿನ ಸಾಲ, ಮಕ್ಕಳ ಶಾಲೆಯ ಫೀ ಮೂರೂ ತೀರುತ್ತದೆಯೇ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಲಿ. ತೀರದಿದ್ದುದರಿಂದಲೇ ಅವರು ಬಂದಿದ್ದಾರೆ. ಬಂದವರನ್ನು ಮನೆಯಲ್ಲಿ ಕೂರಿಸುವುದು ರಕ್ಷಣೆಯಲ್ಲ, ಹಸಿವು.

ಆದುದರಿಂದ ಐದನೆಯ ನಿಯಮವೊಂದನ್ನು ನಾವು ನಮಗಾಗಿ ಮಾಡಿಕೊಳ್ಳಬೇಕು. ಅದಕ್ಕೆ ಮಾಲಿಕರ ಅಪ್ಪಣೆ ಬೇಕಿಲ್ಲ, ಕಾಸೂ ಖರ್ಚಿಲ್ಲ. ಮಳೆಯ ರಾತ್ರಿ ಸಿಕ್ಕಿಕೊಂಡು ಬೆಳಗ್ಗೆ ಮನೆಗೆ ಬಂದ ಹೆಂಗಸನ್ನು “ಎಲ್ಲಿದ್ದಿ?” ಎಂದು ಕೇಳುವ ಮುಂಚೆ “ಉಂಡೆಯೇನವ್ವಾ?” ಎಂದು ಕೇಳಬೇಕು. ಅವಳನ್ನು ಉಳಿಸಿದವರ ಹೆಸರಿಗೆ ಮಸಿ ಬಳಿಯುವವನು ನಮ್ಮ ಕೊಠಡಿಯಲ್ಲಿದ್ದರೆ ಅಲ್ಲಿಯೇ ಅವನ ಬಾಯಿ ಮುಚ್ಚಿಸಬೇಕು. ಇಲ್ಲದಿದ್ದರೆ ಮುಂದಿನ ಸಲ ಬಾಗಿಲು ಬಡಿದಾಗ, ನಾಳೆಯ ಮಾತಿಗೆ ಹೆದರಿ ಯಾವ ಭಟ್ಟರೂ ಬಾಗಿಲು ತೆಗೆಯುವುದಿಲ್ಲ. ಯಾವ ಹೆಂಗಸೂ ಬಡಿಯುವುದಿಲ್ಲ.

ಆ ಚಿತ್ರದ ಹೆಂಗಸರಿಗೆ ಕೊನೆಯಲ್ಲಿ ಏನಾಯಿತೆಂದು ಹುಡುಗರನ್ನು ನಾನು ಕೇಳಲಿಲ್ಲ. ಆದರೆ ಮರುದಿನ ಅವರಲ್ಲೊಬ್ಬ ತಾನಾಗಿ ಎರಡು ರೂಲು ಪುಸ್ತಕ ತಂದ. ಒಂದರಲ್ಲಿ ನಮ್ಮ ಹೊಟೇಲಿನ ಏಳು ಮಂದಿ ಹೆಂಗಸರ ಹೆಸರು, ಓಣಿ, ಮನೆಯವರ ಫೋನು ಬರೆದಿದ್ದೇವೆ. ಅದು ಈಗ ಗಲ್ಲೆಯಲ್ಲಿದೆ. ಇನ್ನೊಂದು ಖಾಲಿ ಪುಸ್ತಕ ಸಂಘದ ಕಚೇರಿಯಲ್ಲಿಟ್ಟಿದ್ದೇನೆ. ಮುಂಗಾರು ಹಿಡಿಯುವ ಮುಂಚೆ ಪ್ರತಿಯೊಂದು ಹೊಟೇಲಿನವರೂ ಗಿರಣಿಯವರೂ ಬಂದು ತಮ್ಮ ತಮ್ಮ ಅಕ್ಕ-ತಂಗಿಯರ ಹೆಸರು ಬರೆಸಬೇಕೆಂದು ಕೈಮುಗಿದು ಕೇಳುತ್ತೇನೆ.